ಇಂಜಿನಿಯರನ ಎರಡನೆಯ ಓದು

ಯಂತ್ರವಿದ್ಯೆಯಿಂದ ಪೇಟೆಂಟ್ ಕಾಯಿದೆಯ ಕಡೆಗೆ ಹೊರಳುವವರನ್ನು ಕುರಿತು, ಗಡಿನಾಡಿನ ಉಮದಿಯಿಂದ ಒಂದು ವಿವೇಚನೆ

ಉಮದಿಯ ಒಬ್ಬ ವೆಲ್ಡಿಂಗ್ ಅಂಗಡಿಯವನು ದ್ರಾಕ್ಷಿಯ ಸಾಲುಗಳ ನಡುವೆ ಔಷಧ ಸಿಂಪಡಿಸುವುದಕ್ಕೆ ಹಿಂದೆಂದೂ ಇಲ್ಲದ ಒಂದು ಉಪಕರಣವನ್ನು ರಚಿಸಿದನೆಂದೂ, ಅದಕ್ಕೆ ಪೇಟೆಂಟು ಪಡೆಯಬೇಕೆಂದು ತಿಳಿದವರೊಬ್ಬರು ಅವನಿಗೆ ಹೇಳಿದರೆಂದೂ ಭಾವಿಸೋಣ. ಉಮದಿಯು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿಗೆ ಸೇರಿದುದಾದ್ದರಿಂದ ಅವನ ಅರ್ಜಿಯು ಮುಂಬಯಿಯ ಪೇಟೆಂಟ್ ಕಚೇರಿಯ ಅಧಿಕಾರಕ್ಕೆ ಒಳಪಡುತ್ತದೆ. ಗಡಿಯ ಆಚೆಗಿರುವ ಚಡಚಣದಲ್ಲಿ ಅವನ ಬೀಗನು ಅದೇ ಉಪಕರಣವನ್ನು ಮಾಡಿದ್ದರೆ, ಚಡಚಣವು ಕರ್ನಾಟಕದ ವಿಜಯಪುರ ಜಿಲ್ಲೆಯಲ್ಲಿರುವ ಕಾರಣದಿಂದ, ಅರ್ಜಿಯು ಚೆನ್ನೈಯ ಕಚೇರಿಗೆ ಹೋಗಬೇಕಾಗುತ್ತಿತ್ತು. ಕೋಲ್ಕತ್ತ, ದಿಲ್ಲಿ, ಮುಂಬಯಿ, ಚೆನ್ನೈ ಎಂಬ ನಾಲ್ಕು ಕಚೇರಿಗಳ ನಡುವೆ ದೇಶವನ್ನು ಹಂಚಿರುವ ಈ ವ್ಯವಸ್ಥೆಯಲ್ಲಿ ಅರ್ಜಿಗಳನ್ನು ಇಂದು ಅಂತರ್ಜಾಲದ ಮೂಲಕ ಸಲ್ಲಿಸಬಹುದಾದುದರಿಂದ ಪ್ರಯಾಣದ ಆಯಾಸವು ತಪ್ಪಿದೆ. ತಪ್ಪದಿರುವುದು ಭಾಷೆಯ ಆಯಾಸ. ಪೇಟೆಂಟ್ ನಿಯಮಗಳ ಪ್ರಕಾರ ಕಾಗದಪತ್ರಗಳು ಹಿಂದಿಯಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ಇರತಕ್ಕದ್ದು. ಮನೆಯಲ್ಲಿ ಕನ್ನಡವನ್ನೂ ತಹಸೀಲ್ದಾರರ ಕಚೇರಿಯಲ್ಲಿ ಮರಾಠಿಯನ್ನೂ ಆಡುವ ಉಮದಿಯವನಿಗೆ ಎರಡು ಭಾಷೆ ಬಂದರೂ ಇಲ್ಲಿ ಅವೆರಡೂ ಸಲ್ಲುವುದಿಲ್ಲ.

ಅಷ್ಟೇ ಅಲ್ಲ, ಇಂಗ್ಲಿಷು ಬಂದ ಮಾತ್ರಕ್ಕೆ ಕೆಲಸವಾಗುವುದೂ ಇಲ್ಲ. ಉಪಕರಣವು ಹೇಗೆ ನಡೆಯುತ್ತದೆಂಬುದನ್ನು ಕಬ್ಬಿಣದ ಮಟ್ಟದಲ್ಲಿ ಅರಿತು, ಅದರಲ್ಲಿ ಹೊಸತು ಯಾವುದು, ಹಳತು ಯಾವುದು ಎಂಬುದನ್ನು ಬೇರ್ಪಡಿಸಿ, ಕಾಯಿದೆಯು ಒಪ್ಪುವ ವಾಕ್ಯಗಳಲ್ಲಿ ಅದನ್ನು ನಿಲ್ಲಿಸಬಲ್ಲ ಒಬ್ಬ ವ್ಯಕ್ತಿಯು ಕಮ್ಮಟಕ್ಕೂ ಕಚೇರಿಗೂ ನಡುವೆ ಬೇಕಾಗುತ್ತಾನೆ. ಆ ವ್ಯಕ್ತಿಯನ್ನು ಪೇಟೆಂಟ್ ಏಜೆಂಟನೆಂದೂ, ಅವನು ನ್ಯಾಯಾಲಯದಲ್ಲಿ ವಾದಿಸುವ ಅಧಿಕಾರವನ್ನೂ ಪಡೆದವನಾದರೆ ಪೇಟೆಂಟ್ ವಕೀಲನೆಂದೂ ಕರೆಯುತ್ತಾರೆ. ಇಂಥವರು ಹುಟ್ಟುವುದು ಕಾನೂನು ಕಾಲೇಜಿಗಿಂತ ಹೆಚ್ಚಾಗಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಎಂಬುದು ಹೊರಗಿನವರಿಗೆ ವಿಚಿತ್ರವಾಗಿ ತೋರಬಹುದಾದರೂ ಕಾಯಿದೆಯು ಬಯಸಿರುವುದೇ ಹಾಗೆ.

ಉಮದಿಯ ಹೆಸರು ದೂರದೂರಕ್ಕೆ ಹರಡಿದುದು ಅಧ್ಯಾತ್ಮದಿಂದ. ಇಂಚಗೇರಿ ಸಂಪ್ರದಾಯದ ಭಾವೂಸಾಹೇಬ ಮಹಾರಾಜರು (1843–1914) ಉಮದಿಕರ ಎಂದೇ ಪ್ರಸಿದ್ಧರು. ಜಮಖಂಡಿಯಲ್ಲಿ ಜನಿಸಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿ ಕೀರ್ತಿ ಪಡೆದ ಗುರುದೇವ ರಾನಡೆಯವರು ಅವರ ಶಿಷ್ಯರು. ಮಳೆಯನ್ನು ನೆಚ್ಚಲಾಗದ ಈ ಸೀಮೆಯಲ್ಲಿ ಐಹಿಕದ ಆಸರೆಯೆಂದರೆ ಒಂದು ದ್ರಾಕ್ಷಿ ದಾಳಿಂಬೆಗಳ ತೋಟ, ಇನ್ನೊಂದು ಮಕ್ಕಳ ಓದು. ತೋಟದ ಆದಾಯದ ಮೇಲೆ ಸಾಲವನ್ನಾದರೂ ಎತ್ತಿ ಮಗನನ್ನೋ ಮಗಳನ್ನೋ ಸಾಂಗ್ಲಿ, ವಿಜಯಪುರ, ಸೊಲ್ಲಾಪುರ, ಪುಣೆಗಳ ಇಂಜಿನಿಯರಿಂಗ್ ಕಾಲೇಜುಗಳಿಗೆ ಕಳುಹಿಸಿದ ತಂದೆಗೆ, ನೌಕರಿಗೆ ಸೇರಿದ ಕೆಲವು ವರ್ಷಗಳ ಮೇಲೆ ಆ ಮಗನು ತಾನು ಪೇಟೆಂಟ್ ಕಾಯಿದೆಯ ಪರೀಕ್ಷೆಗೆ ಕೂಡುವೆನೆಂದು ಹೇಳಿದರೆ ಬರುವ ಮಾತು ಬಹುಮಟ್ಟಿಗೆ ಒಂದೇ ಆಗಿರುತ್ತದೆ: “ಇಷ್ಟ ವರ್ಷ ಇಂಜಿನೇರಿಂಗ್ ಕಲ್ತು ಈಗ ವಕೀಲ್ಕಿ ಮಾಡ್ತೀ ಏನಪಾ? ಕಲ್ತದ್ದೆಲ್ಲಾ ನೀರಾಗ ಹೋಮ ಮಾಡಿದಂಗ ಆತಲ್ಲ!”

ತಂದೆಯ ಆತಂಕವು ಸಹಜವಾದುದು. ಆದರೆ ಅದರ ಹಿಂದಿರುವ ಗ್ರಹಿಕೆಯು ಸರಿಯಾದುದಲ್ಲ. ಈ ಪರಿವರ್ತನೆಯಲ್ಲಿ ಕಲಿತ ವಿದ್ಯೆಯು ಕೈಬಿಡುವುದಿಲ್ಲ. ಇಷ್ಟು ದಿನ ಯಂತ್ರವನ್ನು ನಡೆಯಿಸುವುದಕ್ಕಾಗಿ ವಿನಿಯೋಗವಾಗುತ್ತಿದ್ದ ತಿಳಿವಳಿಕೆಯು ಇನ್ನು ಮುಂದೆ ಆ ಯಂತ್ರದಲ್ಲಿ ಯಾರ ಹಕ್ಕು ಎಲ್ಲಿಯವರೆಗೆ ಎಂಬುದನ್ನು ನಿರ್ಣಯಿಸುವುದಕ್ಕಾಗಿ ವಿನಿಯೋಗವಾಗುತ್ತದೆ. ವಿದ್ಯೆಯು ಅದೇ, ಅದರ ಮೇಲೆ ಬೀಳುವ ಹೊಣೆಯು ಮಾತ್ರ ಬೇರೆ. ಈ ಹೊಣೆಯ ಸ್ವರೂಪವನ್ನು ಅರಿಯದೆ, ಕೇವಲ ನೌಕರಿಯ ಬೇಸರದಿಂದಲೋ ಹೆಚ್ಚಿನ ಸಂಬಳದ ಆಸೆಯಿಂದಲೋ ಹೊರಳುವವನು ನಿರಾಶನಾಗುವ ಸಂಭವವುಂಟು.

ಮೊದಲನೆಯ ಅರ್ಜಿದಾರ

ಈ ಮಾರ್ಗವು ಭಾರತದಲ್ಲಿ ಪೇಟೆಂಟ್ ಕಾಯಿದೆಯಷ್ಟೇ ಹಳೆಯದು. ಹೊಸ ಉತ್ಪಾದನೆಗಳನ್ನು ಕಂಡುಹಿಡಿದವರಿಗೆ 14 ವರ್ಷಗಳ ಅನನ್ಯ ಅಧಿಕಾರವನ್ನು ಕೊಡುವ ಕಾಯಿದೆಯೊಂದು 1856ರ ಫೆಬ್ರುವರಿ ತಿಂಗಳ ಕೊನೆಯಲ್ಲಿ ಜಾರಿಗೆ ಬಂದಿತು. ಬಂದ ಕೆಲವೇ ದಿನಗಳಲ್ಲಿ, ಅದೇ ವರ್ಷದ ಮಾರ್ಚ್ 3ರಂದು, ಕಲಕತ್ತೆಯ ಗ್ರಾಂಟ್ಸ್ ಲೇನಿನ ನಿವಾಸಿ ಜಾರ್ಜ್ ಆಲ್ಫ್ರೆಡ್ ಡಿಪೆನ್ನಿಂಗ್ ಎಂಬ ಸಿವಿಲ್ ಇಂಜಿನಿಯರನು ಬೀಸಣಿಗೆಯ ಪಂಖವನ್ನು ಎಳೆಯುವ ಒಂದು ದಕ್ಷ ಯಂತ್ರಕ್ಕಾಗಿ ಮೊಟ್ಟಮೊದಲನೆಯ ಅರ್ಜಿಯನ್ನು ಸಲ್ಲಿಸಿದನು. ಮೊಗಸಾಲೆಯಲ್ಲಿ ಕುಳಿತು ದಿನವಿಡೀ ಹಗ್ಗವನ್ನೆಳೆಯುವ ಆಳುಗಳಿಂದ ಸಾಹೇಬರ ಪಂಖಗಳು ಬೀಸಲ್ಪಡುತ್ತಿದ್ದ ಕಾಲವದು. ಸೆಪ್ಟೆಂಬರ್ 2ರಂದು ಅವನು ತನ್ನ ಯಂತ್ರದ ವಿವರಣವನ್ನೂ ಚಿತ್ರಗಳನ್ನೂ ಒಪ್ಪಿಸಿದನು. ಸರಕಾರವು ಅವನ್ನು ಅಂಗೀಕರಿಸಿತು.

ವಿಶೇಷವೆಂದರೆ ಡಿಪೆನ್ನಿಂಗನ ಹೆಸರು ಉಳಿದುದು ಪಂಖದ ಯಂತ್ರದಿಂದಲ್ಲ. ತನ್ನ ಅರ್ಜಿಯನ್ನು ಬರೆದುಕೊಂಡ ಅನುಭವವು ಇತರರ ಅರ್ಜಿಗಳನ್ನು ಬರೆದುಕೊಡುವ ವೃತ್ತಿಯಾಗಿ ಬೆಳೆದು, ಅವನ ಹೆಸರನ್ನು ಹೊತ್ತ ಪೇಟೆಂಟ್ ಸಂಸ್ಥೆಯು ಇಂದಿಗೂ ನಡೆಯುತ್ತಿದೆ. ಅವನು ಯಾವ ಕಾಯಿದೆಯ ಆಶ್ರಯದಲ್ಲಿ ಅರ್ಜಿ ಹಾಕಿದನೋ ಆ ಕಾಯಿದೆಯಾದರೋ ಬ್ರಿಟಿಷ್ ರಾಜಸತ್ತೆಯ ಪೂರ್ವಾನುಮತಿಯಿಲ್ಲದೆ ಮಾಡಲ್ಪಟ್ಟಿತೆಂಬ ಕಾರಣಕ್ಕೆ 1857ರಲ್ಲಿಯೇ ರದ್ದಾಗಿ, 1859ರಲ್ಲಿ ಹೊಸದಾಗಿ ರಚಿತವಾಯಿತು. ಮುಂದೆ 1911ರ ಕಾಯಿದೆ. ಸ್ವಾತಂತ್ರ್ಯಾನಂತರ ನ್ಯಾಯಮೂರ್ತಿ ಎನ್. ರಾಜಗೋಪಾಲ ಅಯ್ಯಂಗಾರರು 1959ರಲ್ಲಿ ಒಪ್ಪಿಸಿದ ಪ್ರಸಿದ್ಧ ವರದಿ. ಆ ವರದಿಯ ಆಧಾರದ ಮೇಲೆ 1970ರ ಕಾಯಿದೆ. ಅದು ಜಾರಿಗೆ ಬಂದುದು 1972ರ ಏಪ್ರಿಲ್ 20ರಂದು. ಕಾಯಿದೆಗಳು ಹೀಗೆ ಒಂದರ ಮೇಲೊಂದು ಬಂದು ಹೋದರೂ, ಯಂತ್ರವನ್ನು ಬಲ್ಲವನೇ ಯಂತ್ರದ ಹಕ್ಕನ್ನು ಬರೆಯಬೇಕೆಂಬ ಸಂಪ್ರದಾಯವು ಮಾತ್ರ ಅಳಿಯಲಿಲ್ಲ.

ಬಾಂದುಗಲ್ಲಿನ ಶಾಸ್ತ್ರ

ಹಾಗಾದರೆ ಈ ಬರವಣಿಗೆಯಲ್ಲಿ ಅಷ್ಟು ಕಠಿನವಾದುದೇನಿದೆ? ಪೇಟೆಂಟಿನ ಪೂರ್ಣ ವಿವರಣ ಪತ್ರದಲ್ಲಿ ಎರಡು ಭಾಗಗಳುಂಟು. ಮೊದಲನೆಯ ಭಾಗವು ವರ್ಣನೆ: ಆ ಶಾಸ್ತ್ರದಲ್ಲಿ ಪರಿಣತಿಯುಳ್ಳವನೊಬ್ಬನು ಓದಿ ಅದನ್ನು ತಾನೇ ನಿರ್ಮಿಸಬಲ್ಲಷ್ಟು ವಿಶದವಾಗಿ, ತನಗೆ ತಿಳಿದ ಅತ್ಯುತ್ತಮ ವಿಧಾನವನ್ನು ಮುಚ್ಚಿಡದೆ, ಸಂಶೋಧಕನು ಲೋಕದ ಮುಂದಿಡಬೇಕು. ಹೀಗೆ ತೆರೆದಿಟ್ಟುದಕ್ಕೆ ಪ್ರತಿಫಲವಾಗಿ ರಾಜ್ಯವು ಅವನಿಗೆ 20 ವರ್ಷಗಳ ಹಕ್ಕನ್ನು ಕೊಡುತ್ತದೆ. ಎರಡನೆಯ ಭಾಗವು ಹಕ್ಕುಕೋರಿಕೆ, ಅಂದರೆ ವಕೀಲರು ಕ್ಲೇಮು ಎಂದು ಕರೆಯತಕ್ಕ ವಾಕ್ಯಗಳು. ವ್ಯಾಜ್ಯವೆಲ್ಲ ಹುಟ್ಟುವುದು ಇಲ್ಲಿಯೇ.

ಹೊಲದ ಮೂಲೆಯಲ್ಲಿ ನೆಟ್ಟ ಬಾಂದುಗಲ್ಲನ್ನು ನಮ್ಮ ರೈತರಿಗೆ ವಿವರಿಸಬೇಕಾಗಿಲ್ಲ; ಕಲ್ಲು ಗೇಣು ಒಳಗೆ ಬಿದ್ದರೆ ತನ್ನ ನೆಲವು ಪರರ ಪಾಲು, ಗೇಣು ಹೊರಗೆ ಬಿದ್ದರೆ ತಂಟೆ. ಕ್ಲೇಮಿನ ಪ್ರತಿಯೊಂದು ಪದವೂ ಅಂಥ ಕಲ್ಲು. ಸಿಂಪಡಿಸುವ ಉಪಕರಣದಲ್ಲಿ “ಮೂರು ನಳಿಗೆಗಳು” ಎಂದು ಬರೆದರೆ ನೆರೆಯವನು ಎರಡು ನಳಿಗೆಗಳಿಂದ ಅದೇ ಕೆಲಸವನ್ನು ಮಾಡಿಕೊಂಡು ನಗುತ್ತಾನೆ. “ಒಂದು ಅಥವಾ ಹೆಚ್ಚು ನಳಿಗೆಗಳು” ಎಂದು ಬರೆದರೆ ಅಂಥದು ಮೊದಲೇ ಎಲ್ಲಿಯೋ ಇತ್ತೆಂದು ಪರೀಕ್ಷಕನು ತಿರಸ್ಕರಿಸುತ್ತಾನೆ. ಎರಡರ ನಡುವೆ ಸಂಶೋಧಕನ ನಿಜವಾದ ಕಾಣಿಕೆಯು ಎಲ್ಲಿ ನಿಂತಿದೆಯೋ ಅಲ್ಲಿ ಕಲ್ಲನ್ನು ನೆಡುವುದಕ್ಕೆ ದ್ರವದ ಒತ್ತಡ, ನಳಿಗೆಯ ಕೋನ, ಗಾಳಿಯ ಪ್ರವಾಹ ಇವುಗಳ ಜ್ಞಾನವಿರಬೇಕು. ವ್ಯಾಕರಣದ ಎಚ್ಚರವೂ ಇರಬೇಕು.

ಇಂಜಿನಿಯರನ ಕಣ್ಣು ನ್ಯಾಯನಿರ್ಣಯಕ್ಕೆ ಎಷ್ಟು ಆವಶ್ಯಕವೆಂಬುದಕ್ಕೆ ಭಾರತದ ಪೇಟೆಂಟ್ ನ್ಯಾಯಶಾಸ್ತ್ರದ ಅತ್ಯಂತ ಪ್ರಸಿದ್ಧ ಮೊಕದ್ದಮೆಗಳಲ್ಲಿ ಒಂದಾದ ಬಿಶ್ವನಾಥ ಪ್ರಸಾದ ರಾಧೇಶ್ಯಾಮ ಮತ್ತು ಹಿಂದುಸ್ತಾನ್ ಮೆಟಲ್ ಇಂಡಸ್ಟ್ರೀಸ್ ಪ್ರಕರಣವನ್ನು ನೋಡಬೇಕು. ವಿವಾದದ ವಸ್ತುವು ರಾಕೆಟ್ಟೂ ಅಲ್ಲ, ಔಷಧವೂ ಅಲ್ಲ, ಮಿರ್ಜಾಪುರದ ಪಾತ್ರೆಗಳು. ಪಾತ್ರೆಯನ್ನು ಲೇತಿಗೆ ಹಿಡಿದು ತಿರುಗಿಸುತ್ತ ಹೊಳಪು ಕೊಡುವಾಗ ಹಳೆಯ ಪದ್ಧತಿಯಲ್ಲಿ ಅದು ಕಿತ್ತು ಹಾರುವ ಅಪಾಯವಿತ್ತು. ಲೇತಿನ ಹಿಂದಿನ ತುದಿಯಿಂದ ಒಂದು ದಂಡವು ಪಾತ್ರೆಯನ್ನು ಒತ್ತಿ ಹಿಡಿಯುವಂತೆ ಮಾಡಿದ ಉಪಾಯಕ್ಕೆ 1951ರ ಪೇಟೆಂಟು ದೊರೆತಿತ್ತು. ಹೀಗೆ ಎರಡೂ ತುದಿಗಳಿಂದ ವಸ್ತುವನ್ನು ಹಿಡಿಯುವುದು ಲೇತಿನ ಮೇಲೆ ಕೆಲಸ ಮಾಡುವ ಯಾವ ಟರ್ನರನಿಗೂ ಹೊಳೆಯತಕ್ಕ ಸಂಗತಿಯಾದುದರಿಂದ ಇದು ಆವಿಷ್ಕಾರವಲ್ಲ, ಕಮ್ಮಟದ ಸಾಮಾನ್ಯ ಸುಧಾರಣೆ ಎಂದು ಸರ್ವೋಚ್ಚ ನ್ಯಾಯಾಲಯವು 1978ರಲ್ಲಿ ತೀರ್ಪಿತ್ತು ಪೇಟೆಂಟಿನ ರದ್ದತಿಯನ್ನು ಎತ್ತಿಹಿಡಿಯಿತು. ನಡುವೆ ಅಲಹಾಬಾದ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠವು ಒಂದು ಬಗೆಯಾಗಿ, ವಿಭಾಗೀಯ ಪೀಠವು ಇನ್ನೊಂದು ಬಗೆಯಾಗಿ ತೀರ್ಮಾನಿಸಿದ್ದುವು. ಪಾತ್ರೆಗೆ ಹೊಳಪು ಕೊಡುವ ದಂಡವೊಂದರ ವಿಚಾರದಲ್ಲಿ ವಿದ್ವಾಂಸರಾದ ನ್ಯಾಯಮೂರ್ತಿಗಳೇ ಭಿನ್ನಾಭಿಪ್ರಾಯ ಹೊಂದಿದರೆಂದರೆ, ಲೇತಿನ ಮುಂದೆ ನಿಂತು ಬಂದವನ ಮಾತಿಗೆ ಅಲ್ಲಿ ಎಷ್ಟು ಬೆಲೆಯುಂಟೆಂಬುದು ತಾನಾಗಿಯೇ ತಿಳಿಯುತ್ತದೆ.

ಪದವಿ, ಪರೀಕ್ಷೆ, ಸನದು

ಪೇಟೆಂಟ್ ಏಜೆಂಟನಾಗಲು ಕಾಯಿದೆಯ 126ನೆಯ ಕಲಮು ವಿಧಿಸುವ ಅರ್ಹತೆಗಳು ಕೆಲವೇ: ಭಾರತದ ನಾಗರಿಕನಾಗಿರಬೇಕು, 21 ವರ್ಷ ತುಂಬಿರಬೇಕು, ವಿಜ್ಞಾನ, ಇಂಜಿನಿಯರಿಂಗ್ ಅಥವಾ ತಂತ್ರಜ್ಞಾನದಲ್ಲಿ ಪದವಿಯಿರಬೇಕು, ಪೇಟೆಂಟ್ ಕಚೇರಿಯು ನಡೆಯಿಸುವ ಅರ್ಹತಾ ಪರೀಕ್ಷೆಯಲ್ಲಿ ಉತ್ತೀರ್ಣನಾಗಿರಬೇಕು, ಇಲ್ಲವೆ ಆ ಕಚೇರಿಯಲ್ಲಿಯೇ ಪರೀಕ್ಷಕನಾಗಿ ಅಥವಾ ಕಂಟ್ರೋಲರನಾಗಿ ಹತ್ತು ವರ್ಷಗಳಿಗೆ ಕಡಮೆಯಿಲ್ಲದಂತೆ ಸೇವೆ ಸಲ್ಲಿಸಿರಬೇಕು. ಕಾನೂನಿನ ಪದವಿಯ ಮಾತೇ ಇಲ್ಲಿಲ್ಲ. ಕಾನೂನಿನ ವೃತ್ತಿಯೊಂದಕ್ಕೆ ಕಾನೂನಿನ ಪದವಿಯು ಬೇಡವಾಗಿ ವಿಜ್ಞಾನದ ಪದವಿಯು ಕಡ್ಡಾಯವಾಗಿರುವ ಇಂಥ ನಿದರ್ಶನವು ನಮ್ಮ ದೇಶದಲ್ಲಿ ವಿರಳ.

ವಿಜ್ಞಾನ ಪದವಿಯುಳ್ಳ ವಕೀಲರಿಗೆ ಈ ಪರೀಕ್ಷೆಯಿಂದ ಹಿಂದೆ ಇದ್ದ ವಿನಾಯಿತಿಯನ್ನು 2005ರ ತಿದ್ದುಪಡಿಯು ಕಿತ್ತುಹಾಕಿದಾಗ, ಎಸ್. ಪಿ. ಚೊಕ್ಕಲಿಂಗಂ ಪ್ರಕರಣದಲ್ಲಿ ಮದ್ರಾಸು ಉಚ್ಚ ನ್ಯಾಯಾಲಯವು 2013ರಲ್ಲಿ ಆ ತಿದ್ದುಪಡಿಯನ್ನು ಅಸಾಂವಿಧಾನಿಕವೆಂದು ಸಾರಿತು. ವಕೀಲರಿಗೂ ಏಜೆಂಟರಿಗೂ ನಡುವಣ ಈ ಜಗ್ಗಾಟವು ಏನೇ ಇರಲಿ, ಇಂಜಿನಿಯರನ ಪಾಲಿಗೆ ದಾರಿಯು ಪರೀಕ್ಷೆಯದೇ. ಎರಡು ಲಿಖಿತ ಪತ್ರಿಕೆಗಳು, ಅನಂತರ ಮೌಖಿಕ ಪರೀಕ್ಷೆ. ಮೊದಲನೆಯ ಪತ್ರಿಕೆಯು ಕಾಯಿದೆ ಮತ್ತು ನಿಯಮಗಳನ್ನು ಕುರಿತದ್ದು, ಎರಡನೆಯದು ವಿವರಣ ಪತ್ರವನ್ನು ರಚಿಸುವ ಮತ್ತು ಅರ್ಥೈಸುವ ಸಾಮರ್ಥ್ಯವನ್ನು ಕುರಿತದ್ದು. ಕಲಮುಗಳನ್ನು ಬಾಯಿಪಾಠ ಮಾಡಿದವನು ಮೊದಲನೆಯದನ್ನು ದಾಟಬಹುದು. ಎರಡನೆಯದನ್ನು ದಾಟಿಸುವುದು ಅಭ್ಯಾಸವೇ ಹೊರತು ನೆನಪಲ್ಲ.

ಏಜೆಂಟನ ಅಧಿಕಾರವು ಕಂಟ್ರೋಲರನ ಸಮ್ಮುಖಕ್ಕೆ ಸೀಮಿತವಾದುದು. ಅರ್ಜಿಯನ್ನು ರಚಿಸುವುದು, ಪೂರ್ವಜ್ಞಾನವನ್ನು ಶೋಧಿಸುವುದು, ಪರೀಕ್ಷಕನು ಕಳುಹಿಸುವ ಪ್ರಥಮ ವರದಿಯ ಆಕ್ಷೇಪಗಳಿಗೆ ಆರು ತಿಂಗಳೊಳಗಾಗಿ ಉತ್ತರ ಬರೆಯುವುದು, ವಿಚಾರಣೆಯಲ್ಲಿ ಹಾಜರಾಗುವುದು, ಇವು ಅವನ ಕೆಲಸ. ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾದರೆ ಪದವಿಯ ಮೇಲೆ ಮೂರು ವರ್ಷಗಳ ಎಲ್‌ಎಲ್‌.ಬಿ., ವಕೀಲರ ಪರಿಷತ್ತಿನ ಸನದು, ಅಖಿಲ ಭಾರತ ವಕೀಲರ ಪರೀಕ್ಷೆ ಇವೆಲ್ಲ ಆಗಬೇಕು. ಉಮದಿಯ ಪೇಟೆಂಟುದಾರನೊಬ್ಬನು ತನ್ನ ಹಕ್ಕಿನ ಉಲ್ಲಂಘನೆಗಾಗಿ ದಾವೆ ಹೂಡುವುದಾದರೆ ಅದು ಜಿಲ್ಲಾ ನ್ಯಾಯಾಲಯಕ್ಕಿಂತ ಕೆಳಗಿನ ನ್ಯಾಯಾಲಯದಲ್ಲಿ ನಿಲ್ಲದು; ಪ್ರತಿವಾದಿಯು ಪೇಟೆಂಟನ್ನೇ ರದ್ದುಮಾಡಬೇಕೆಂದು ಪ್ರತಿದಾವೆ ಹೂಡಿದರೆ ಪ್ರಕರಣವೆಲ್ಲ ಉಚ್ಚ ನ್ಯಾಯಾಲಯಕ್ಕೆ ವರ್ಗವಾಗುತ್ತದೆ. ಕಂಟ್ರೋಲರನ ಆದೇಶಗಳ ಮೇಲಣ ಅಪೀಲುಗಳನ್ನು ಕೇಳುತ್ತಿದ್ದ ಪ್ರತ್ಯೇಕ ಮಂಡಳಿಯು 2021ರಲ್ಲಿ ರದ್ದಾದ ಬಳಿಕ ಅವೂ ಉಚ್ಚ ನ್ಯಾಯಾಲಯಗಳಿಗೇ ಬಂದಿವೆಯಾದುದರಿಂದ, ಇಂಜಿನಿಯರಿಂಗ್ ಮತ್ತು ಕಾನೂನು ಎರಡನ್ನೂ ಓದಿದವರಿಗೆ ಅಲ್ಲಿ ಕೆಲಸವು ಹೆಚ್ಚಿದೆ. ಇದನ್ನು ಮುಂಗಂಡೇ ಎಂಬಂತೆ ಐಐಟಿ ಖರಗಪುರವು 2006ರಲ್ಲಿ ಬೌದ್ಧಿಕ ಸ್ವತ್ತಿನ ಕಾನೂನು ಶಾಲೆಯೊಂದನ್ನು ತೆರೆದು ಇಂಜಿನಿಯರುಗಳಿಗೆ ಮೂರು ವರ್ಷಗಳ ಕಾನೂನು ಪದವಿಯನ್ನು ಕಲಿಸತೊಡಗಿತು. ನೌಕರಿಯನ್ನು ಬಿಡಲಾರದವರಿಗೆ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ದೂರಶಿಕ್ಷಣದ ಡಿಪ್ಲೊಮಾ ಉಂಟು.

ಬಿಡಬೇಕಾದ ಅಭ್ಯಾಸಗಳು

ಪರೀಕ್ಷೆಗಿಂತ ಕಷ್ಟವಾದುದು ಮನೋಧರ್ಮದ ಪರಿವರ್ತನೆ. ಇಂಜಿನಿಯರನು ಯಂತ್ರವು ನಡೆದರೆ ತೃಪ್ತನಾಗುತ್ತಾನೆ. ಅದನ್ನು ಬೇರೊಬ್ಬನು ಮೊದಲೇ ಮಾಡಿದ್ದನೆ ಎಂಬುದು ಅವನಿಗೆ ಮುಖ್ಯವಲ್ಲ, ಮಾಡಿದ್ದರೆ ಅನುಕೂಲವೇ ಆಯಿತು. ಪೇಟೆಂಟ್ ಕಾಯಿದೆಗೆ ಇದೇ ಮೊದಲನೆಯ ಪ್ರಶ್ನೆ. ಇಂಜಿನಿಯರನು ಅಳತೆಯನ್ನು ನಿಖರವಾಗಿ ಕೊಡುವುದರಲ್ಲಿ ಹೆಮ್ಮೆಪಡುತ್ತಾನೆ; ಕ್ಲೇಮನ್ನು ಬರೆಯುವವನು ನಿಖರತೆಯು ಎಲ್ಲಿ ಹಕ್ಕನ್ನು ಸಂಕುಚಿತಗೊಳಿಸುತ್ತದೆಂಬುದನ್ನು ಅರಿತು ಅಲ್ಲಿ ಸಾಮಾನ್ಯ ಪದವನ್ನು ಆಯ್ದುಕೊಳ್ಳಬೇಕು. ಅಲ್ಲದೆ ತನ್ನ ಬುದ್ಧಿಗೆ ಹೊಳೆದ ಸುಧಾರಣೆಯನ್ನು ಕಕ್ಷಿಗಾರನ ಯಂತ್ರಕ್ಕೆ ಸೇರಿಸುವ ಚಾಪಲ್ಯವನ್ನು ಅವನು ತೊರೆಯಬೇಕು. ಸಂಶೋಧನೆಯು ಪರರದು, ತನ್ನದು ಅದರ ಲೇಖನ ಮಾತ್ರ.

ಇಷ್ಟಾದರೂ ಈ ಮೇಜಿನ ಮುಂದೆ ಕುಳಿತವನ ಸೃಷ್ಟಿಶಕ್ತಿಯು ಬತ್ತಿಹೋಗಬೇಕೆಂಬ ನಿಯಮವಿಲ್ಲ. ಅಮೆರಿಕದ ಚೆಸ್ಟರ್ ಕಾರ್ಲ್‌ಸನ್ನನು ಬೆಲ್ ಪ್ರಯೋಗಾಲಯದಲ್ಲಿ ಸಂಶೋಧನಾ ಇಂಜಿನಿಯರನಾಗಿ ಸೇರಿ, ಆ ಕೆಲಸದಲ್ಲಿ ಬೇಸರಗೊಂಡು ಅಲ್ಲಿಯ ಪೇಟೆಂಟ್ ವಿಭಾಗಕ್ಕೆ ಬದಲಾದವನು. ಮುಂದೆ ಮ್ಯಾಲರಿ ಎಂಬ ಕಂಪನಿಯ ಪೇಟೆಂಟ್ ವಿಭಾಗದಲ್ಲಿ ದುಡಿಯುತ್ತ ರಾತ್ರಿಯ ತರಗತಿಗಳಲ್ಲಿ ಕಾನೂನು ಓದಿದನು. ವಿವರಣ ಪತ್ರಗಳ ಪ್ರತಿಗಳು ಸಾಕಷ್ಟು ಸಿಗದೆ, ಪ್ರತಿಯೆತ್ತುವ ಕಷ್ಟವನ್ನು ನಿತ್ಯವೂ ಅನುಭವಿಸಿದ ಅವನು ಅದಕ್ಕೊಂದು ಉಪಾಯವನ್ನು ಹುಡುಕುತ್ತ ಹೋಗಿ 1938ರ ಅಕ್ಟೋಬರ್ 22ರಂದು ಒಣ ವಿಧಾನದಿಂದ ಮೊದಲನೆಯ ಪ್ರತಿಬಿಂಬವನ್ನು ಮೂಡಿಸಿದನು. ಇಂದು ಉಮದಿಯ ಬಸ್ ನಿಲ್ದಾಣದ ಬಳಿ ಜಮೀನಿನ ಸಾತ್-ಬಾರಾ ಉತಾರೆಯ ಝೆರಾಕ್ಸ್ ತೆಗೆಸುವ ಪ್ರತಿಯೊಬ್ಬನೂ ಆ ಪೇಟೆಂಟ್ ನೌಕರನ ಬೇಸರಕ್ಕೆ ಋಣಿಯಾಗಿದ್ದಾನೆ.

ನಮ್ಮ ಸೀಮೆಗೆ ಏಕೆ ಬೇಕು

ವೃತ್ತಿಯನ್ನು ಬದಲಿಸಿ ಬಾಳಿದವರ ನಿದರ್ಶನವು ಈ ಸೀಮೆಗೆ ಹೊಸತಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಚಿತ್ರಕಲೆ ಕಲಿಯಹೋಗಿ, ಬಣ್ಣಗಳನ್ನು ಗುರುತಿಸಲಾರದ ದೃಷ್ಟಿದೋಷದಿಂದ ಅದನ್ನು ಬಿಟ್ಟು, ಮುಂಬಯಿಯ ತಾಂತ್ರಿಕ ಸಂಸ್ಥೆಯಲ್ಲಿ ಡ್ರಾಯಿಂಗ್ ಕಲಿಸಿ, ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಟ್ಟು, ಕಡೆಗೆ ಕಬ್ಬಿಣದ ನೇಗಿಲನ್ನು ಮಾಡಿ 1910ರಲ್ಲಿ ಇಂದಿನ ಸಾಂಗ್ಲಿ ಜಿಲ್ಲೆಯಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಕಲಿತ ರೇಖಾಚಿತ್ರವು ಅವರಿಗೆ ನೇಗಿಲಿನಲ್ಲಿ ಉಪಯೋಗಕ್ಕೆ ಬಂದಿತು.

ಅದೇ ಜಿಲ್ಲೆಯ ಸಾಂಗ್ಲಿಯು ಅರಿಶಿನದ ಪೇಟೆಗೆ ಹೆಸರಾದುದು. ಗಾಯವನ್ನು ಮಾಯಿಸುವ ಅರಿಶಿನದ ಗುಣಕ್ಕೆ 1995ರಲ್ಲಿ ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೇಂದ್ರಕ್ಕೆ ಪೇಟೆಂಟು ದೊರೆತಾಗ, ಭಾರತದ ವೈಜ್ಞಾನಿಕ ಮತ್ತು ಔದ್ಯೋಗಿಕ ಸಂಶೋಧನ ಪರಿಷತ್ತು ಪುರಾತನ ಗ್ರಂಥಗಳಿಂದಲೂ ಮುದ್ರಿತ ಲೇಖನಗಳಿಂದಲೂ ಪ್ರಮಾಣಗಳನ್ನು ಒದಗಿಸಿ 1997ರಲ್ಲಿ ಅದನ್ನು ರದ್ದುಮಾಡಿಸಿತು. ನಮ್ಮ ಅಜ್ಜಿಯರೆಲ್ಲರಿಗೂ ಗೊತ್ತಿದ್ದ ಸಂಗತಿ ಎಂಬ ಕೂಗಿನಿಂದ ಆ ಪೇಟೆಂಟು ಬೀಳಲಿಲ್ಲ. ಎಲ್ಲಿ, ಯಾವಾಗ, ಏನೆಂದು ಬರೆಯಲ್ಪಟ್ಟಿತ್ತು ಎಂಬುದನ್ನು ಹುಡುಕಿ ಹೋಲಿಸಿ ತೋರಿಸಿದ ಶ್ರಮದಿಂದ ಬಿದ್ದಿತು.

ದ್ರಾಕ್ಷಿಯ ನಾಡಿನಲ್ಲಿ ಇಂಥ ಶ್ರಮಕ್ಕೆ ಬೇಕಾದಷ್ಟು ಅವಕಾಶವುಂಟು. ಅಕ್ಟೋಬರದ ಚಾಟ್ನಿಯನ್ನು, ಅಂದರೆ ಬಳ್ಳಿಯ ಸವರುವಿಕೆಯನ್ನು, ಹೊಸ ಕ್ರಮದಲ್ಲಿ ಮಾಡಿದೆನೆಂದು ಯಾರಾದರೂ ಬಂದರೆ, ವ್ಯವಸಾಯದ ಮತ್ತು ತೋಟಗಾರಿಕೆಯ ವಿಧಾನಗಳಿಗೆ ಪೇಟೆಂಟಿಲ್ಲವೆಂಬ ಮೂರನೆಯ ಕಲಮಿನ ನಿಷೇಧವನ್ನು ಅವರಿಗೆ ವಿನಯದಿಂದ ತಿಳಿಸಬೇಕು. ಚಾಟ್ನಿಯ ಕತ್ತರಿಯನ್ನೇ ಹೊಸದಾಗಿ ರಚಿಸಿದ್ದರೆ ಅದಕ್ಕೆ ಆ ನಿಷೇಧವಿಲ್ಲವೆಂಬುದನ್ನೂ ತಿಳಿಸಬೇಕು. ಒಣದ್ರಾಕ್ಷಿಗಾಗಿ ಪೊಟ್ಯಾಸಿಯಮ್ ಕಾರ್ಬೊನೇಟು ಮತ್ತು ಎಣ್ಣೆಯ ದ್ರಾವಣದಲ್ಲಿ ಗೊನೆಗಳನ್ನು ಅದ್ದಿ ಶೆಡ್ಡಿನ ಬಲೆಗಳ ಮೇಲೆ ನೆರಳಲ್ಲಿ ಒಣಗಿಸುವ ಪದ್ಧತಿಯು ಲೋಕಕ್ಕೆ ತಿಳಿದದ್ದು. ಆದರೆ ಒಣಗಿದ ಕಾಯಿಯನ್ನು ತೊಟ್ಟಿನಿಂದ ಬಿಡಿಸುವ, ಗಾತ್ರದಿಂದ ಬೇರ್ಪಡಿಸುವ ಯಂತ್ರದಲ್ಲಿ ಹೊಸ ಉಪಾಯವೊಂದು ಹೊಳೆದರೆ ಅದು ಪರೀಕ್ಷೆಗೆ ಅರ್ಹವಾದುದು. ಮತ್ತೊಂದು ಎಚ್ಚರವನ್ನು ಮೊದಲೇ ಹೇಳುವವರು ಬೇಕು: ಉತ್ಸಾಹದಿಂದ ಯಂತ್ರವನ್ನು ಜಾತ್ರೆಯಲ್ಲಿಯೋ ಕೃಷಿಮೇಳದಲ್ಲಿಯೋ ಎಲ್ಲರೆದುರು ನಡೆಯಿಸಿ ತೋರಿಸಿ, ಅನಂತರ ಅರ್ಜಿಯನ್ನು ಹಾಕಿದರೆ, ಸರಕಾರವು ಅಧಿಸೂಚಿಸಿದ ಪ್ರದರ್ಶನಗಳಿಗೆ ಕೊಟ್ಟಿರುವ ಹನ್ನೆರಡು ತಿಂಗಳ ರಿಯಾಯಿತಿಯ ಹೊರಗೆ, ನಾವೀನ್ಯವು ಅಲ್ಲಿಯೇ ಕಳೆದುಹೋಗುತ್ತದೆ. ವ್ಯಕ್ತಿಯೊಬ್ಬನ ಅರ್ಜಿಯ ಮೂಲ ಶುಲ್ಕವು 1600 ರೂಪಾಯಿಯಷ್ಟೇ. ತಾತ್ಕಾಲಿಕ ವಿವರಣವನ್ನು ಸಲ್ಲಿಸಿ ದಿನಾಂಕವನ್ನು ಕಾಯ್ದಿರಿಸಿಕೊಂಡು ಪೂರ್ಣ ವಿವರಣಕ್ಕೆ ಹನ್ನೆರಡು ತಿಂಗಳ ಸಮಯವನ್ನು ಪಡೆಯಬಹುದು. ಇಷ್ಟನ್ನು ಕನ್ನಡದಲ್ಲಿಯೋ ಮರಾಠಿಯಲ್ಲಿಯೋ ಕೇಳಿ ಅರಿತು ಇಂಗ್ಲಿಷಿನಲ್ಲಿ ಬರೆಯಬಲ್ಲವನು ಸಮೀಪದಲ್ಲಿದ್ದರೆ ಸಾಕು, ಅನೇಕ ಉಪಾಯಗಳು ನಷ್ಟವಾಗದೆ ಉಳಿಯುತ್ತವೆ.

ಆದರೆ ಊರಿನ ಅಗತ್ಯವು ವ್ಯಕ್ತಿಯ ಯೋಗ್ಯತೆಗೆ ಪ್ರಮಾಣವಾಗದು. ಮೊದಲ ವರ್ಷಗಳಲ್ಲಿ ಇಂಜಿನಿಯರನ ಸಂಬಳಕ್ಕಿಂತ ಇಲ್ಲಿಯ ಆದಾಯವು ಕಡಮೆಯಾಗಬಹುದು. ತನಗಿಂತ ಕಿರಿಯರ ಕೈಕೆಳಗೆ ಕಲಿಯಬೇಕಾಗಬಹುದು. ಕೈಯಿಂದ ಕಟ್ಟುವ ಸುಖವೇ ಮುಖ್ಯವೆನಿಸಿದವನಿಗೆ ದಿನವೆಲ್ಲ ಪದಗಳನ್ನು ತೂಗುವುದು ಶಿಕ್ಷೆಯಾಗಬಹುದು. ಆದುದರಿಂದ ರಾಜೀನಾಮೆಯನ್ನು ಬರೆಯುವುದಕ್ಕೆ ಮೊದಲು ಮಾಡಿನೋಡತಕ್ಕ ಒಂದು ಪ್ರಯೋಗವುಂಟು. ಪ್ರಕಟವಾದ ವಿವರಣ ಪತ್ರಗಳೆಲ್ಲ ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ ಬಿಟ್ಟಿಯಾಗಿ ದೊರೆಯುತ್ತವೆ. ತನಗೆ ಚೆನ್ನಾಗಿ ತಿಳಿದ ಯಂತ್ರವೊಂದರ ವರ್ಣನೆಯನ್ನು ಅಲ್ಲಿಂದ ತೆಗೆದು, ಅದರ ಹಕ್ಕುಕೋರಿಕೆಯ ಭಾಗವನ್ನು ನೋಡದೆ, ಮೊದಲನೆಯ ಕ್ಲೇಮನ್ನು ತಾನೇ ಬರೆಯಬೇಕು. ಬರೆದ ಬಳಿಕ ಮೂಲದೊಡನೆ ಹೋಲಿಸಬೇಕು. ತಾನು ಯಾವ ಪದವನ್ನು ಅನಾವಶ್ಯಕವಾಗಿ ಸೇರಿಸಿದೆ, ಯಾವುದನ್ನು ಬಿಟ್ಟೆ, ಪರರು ಏಕೆ ಹಾಗೆ ಬರೆದರು ಎಂಬ ವಿಚಾರದಲ್ಲಿ ಹೊತ್ತು ಹೋದದ್ದೇ ತಿಳಿಯದಿದ್ದರೆ ಪರೀಕ್ಷೆಗೆ ಅರ್ಜಿ ಹಾಕಬಹುದು. ಎರಡನೆಯ ಪುಟದಲ್ಲಿಯೇ ಬೇಸರ ಬಂದರೆ ನೌಕರಿಯಲ್ಲಿಯೇ ಇರುವುದು ಒಳ್ಳೆಯದು. ಒಳ್ಳೆಯ ಇಂಜಿನಿಯರುಗಳು ಕಂಡುಹಿಡಿಯುತ್ತಲೇ ಇರದಿದ್ದರೆ ಒಳ್ಳೆಯ ಪೇಟೆಂಟ್ ವಕೀಲರಿಗಾದರೂ ಕೆಲಸವೆಲ್ಲಿಯದು?